ವನಮಾಲಾಳ ಜಾಗ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಮಾತು: ಇಲ್ಲಿನ ಮನೆಗಳು ಹೊರಗಿನಿಂದ ಇಷ್ಟು ದೊಡ್ಡದಾಗಿ ಕಾಣುತ್ತವಲ್ಲ, ಒಳಗೆ ಹೋದರೆ ಮಗ್ಗುಲು ಬದಲಿಸುವುದಕ್ಕೂ ಜಾಗ ಇರುವುದಿಲ್ಲವಲ್ಲ, ಅದು ಹೇಗೆ? ಹೇಗೆ ಅಂದರೆ, ನಮ್ಮೂರಿನಲ್ಲಿ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಮುಚ್ಚಿಕೊಂಡುಬಿಡುತ್ತದೆ. ಮನೆಯವರೊಬ್ಬರು ಊರು ಬಿಟ್ಟು ಹೋದರೆಂದರೆ, ಅವರು ಮಲಗುತ್ತಿದ್ದ ಮೂಲೆ, ಊಟಕ್ಕೆ ಕೂರುತ್ತಿದ್ದ ನೆಲ, ಬೆನ್ನು ಒರಗಿಸುತ್ತಿದ್ದ ಕಂಬದ ಪಕ್ಕ, ಎಲ್ಲದರ ಮೇಲೂ ಗೋಡೆ ನಿಧಾನವಾಗಿ ಸರಿದು ಬಂದು ಕೂರುತ್ತದೆ. ಆಮೇಲೆ ಅವರು ತಿರುಗಿ ಬಂದರೆ ನೆಂಟರ ಹಾಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೋಗಬಹುದು, ಅಷ್ಟೇ. ಅಂಚೆ ಕಚೇರಿಯ ಮರಿಯಪ್ಪ ತರಬೇತಿಗೆಂದು ಹೋಗಿ ಬಂದವನು ಈಗಲೂ ಲಾಡ್ಜಿನಲ್ಲಿ ಮಲಗುತ್ತಾನೆ. ಊಟಕ್ಕೆ ಮಾತ್ರ ತನ್ನ ಮನೆಯ ಜಗಲಿಗೆ ಬರುತ್ತಾನೆ. ಹೆಂಡತಿ ಕಿಟಕಿಯಿಂದ ಬಡಿಸುತ್ತಾಳೆ.

ಅದಕ್ಕೇ ನಾವು ಊರು ಬಿಡುವ ಮುಂಚೆ ಬದಲಿ ಕೂರಿಸಿ ಹೋಗುವುದು. ಬದಲಿಯವರು ಹೊರಗಿನವರಾಗಿರಬೇಕು, ಊರಿನಲ್ಲಿ ತಮ್ಮದೇ ಜಾಗ ಇಲ್ಲದವರಾಗಿರಬೇಕು. ಸುಮ್ಮನೆ ಮಣೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರೆ ಗೋಡೆ ನಂಬುವುದಿಲ್ಲ. ಹೋದವರ ಕೆಲಸ ಮಾಡಬೇಕು, ಅವರ ತಟ್ಟೆಯಲ್ಲಿ ಉಣ್ಣಬೇಕು, ಅವರಿಗೆ ಬೀಳಬೇಕಾದ ಬೈಗುಳವನ್ನೂ ತಿನ್ನಬೇಕು. ಸ್ವಂತ ಜಾಗ ಇದ್ದವರು ಇನ್ನೊಬ್ಬರ ಜಾಗಕ್ಕೆ ಕೂತರೆ ಎರಡೂ ಹೋಗುತ್ತವೆ. ಎಣ್ಣೆ ಗಾಣದವರ ಮನೆಯಲ್ಲಿ ಅಣ್ಣನ ಜಾಗಕ್ಕೆ ತಮ್ಮ ಕೂತು, ಕೊನೆಗೆ ಇಬ್ಬರೂ ಗಾಣದಲ್ಲೇ ಮಲಗುವಂತಾಯಿತು. ಅದನ್ನು ಕಂಡ ಮೇಲೆ ಯಾರೂ ಆ ಸಾಹಸಕ್ಕೆ ಹೋಗಿರಲಿಲ್ಲ.

ನಾನು ಗಿರಿಜ. ರವಿಕೆ ಹೊಲಿಯುತ್ತೇನೆ. ಬಾಯಿ ಜೋರು ಅಂತ ಬೀದಿಯವರು ಹೇಳುತ್ತಾರೆ, ಹೇಳಲಿ, ನನಗೇನು. ನಮ್ಮವರು ತೀರಿಕೊಂಡ ಮೇಲೆ ಅವರ ಕಡೆಯ ಗೋಡೆ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ನಿಂತಿದೆ. ಸತ್ತವರಿಗೆ ಬದಲಿ ಕೂರಿಸುವ ಪದ್ಧತಿ ಇಲ್ಲ. ಕೈ ಚಾಚಿದರೆ ಗೋಡೆ ಸಿಗುತ್ತದೆ, ಒಮ್ಮೊಮ್ಮೆ ಚಾಚುತ್ತೇನೆ. ಅದಿರಲಿ, ನಾನು ಹೇಳಹೊರಟಿದ್ದು ಪಕ್ಕದ ಮನೆಯ ಚೆಲುವಾಜಮ್ಮನ ವಿಷಯ.

ಆ ಮನೆಯಲ್ಲಿ ಇದ್ದವರು ಮೂರೇ ಜನ. ಚೆಲುವಾಜಮ್ಮ, ಅವರ ಮಗ ಶ್ರೀಕಂಠ, ಸೊಸೆ ವನಮಾಲಾ. ಶ್ರೀಕಂಠನಿಗೆ ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಇದೆ. ಮಾತು ಕಡಿಮೆ, ತಾಯಿ ಹೆಂಡತಿ ಎದುರೆದುರು ನಿಂತರಂತೂ ಅವನಿಗೆ ಇದ್ದಕ್ಕಿದ್ದ ಹಾಗೆ ಅಂಗಡಿಯ ನೆನಪಾಗುತ್ತಿತ್ತು. ವನಮಾಲಾ ನಮ್ಮೂರ ಸರ್ಕಾರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಹಜಾರದ ಒಂದು ಮೂಲೆಯಲ್ಲಿ ಅವಳ ಮೇಜು. ಓದುತ್ತ ಓದುತ್ತ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿಬಿಡುತ್ತಿದ್ದಳು. ಎದುರು ಮೂಲೆಯಲ್ಲಿ ಚೆಲುವಾಜಮ್ಮನ ತೂಗುಮಣೆ. ಅದರ ಮೇಲೆ ಕೂತು ಅವರು ಮನೆ ಆಳುತ್ತಿದ್ದರು.

ದಿನಾ ಸಾಯಂಕಾಲ ವನಮಾಲಾ ಕಾಲೇಜಿನಿಂದ ತಡವಾಗಿ ಬರುವಳು. ಚೆಲುವಾಜಮ್ಮ ತೂಗುಮಣೆ ನಿಲ್ಲಿಸಿ ಕೇಳುವರು, "ಪಾಠ ಮುಖ್ಯಾನೋ, ಮನೆ ಮುಖ್ಯಾನೋ?" ವನಮಾಲಾ ಉತ್ತರ ಕೊಡದೆ ಒಳಗೆ ಹೋಗಿ ಸೀರೆ ಬದಲಿಸಿ ಒಲೆ ಹಚ್ಚುವಳು. ಅವಳು ಮದುವೆಯಾಗಿ ಬಂದಂದಿನಿಂದ ನಾನು ಈ ಪ್ರಶ್ನೆಯನ್ನು ಗೋಡೆಯಾಚೆಯಿಂದ ಕೇಳುತ್ತಲೇ ಇದ್ದೆ. ಉತ್ತರ ಮಾತ್ರ ಒಂದು ದಿನವೂ ಕಿವಿಗೆ ಬೀಳಲಿಲ್ಲ.

ಕಾಲೇಜಿನ ಕಥೆಯನ್ನೂ ಒಂದಿಷ್ಟು ಹೇಳಬೇಕು. ಸರ್ಕಾರದವರು ಒಬ್ಬರನ್ನು ವರ್ಗ ಮಾಡುವರು, ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕುವುದಿಲ್ಲ. ಬೇರೆ ಊರಿನಲ್ಲಾದರೆ ಹುದ್ದೆ ಖಾಲಿ ಇದೆ ಅಂತ ಬೋರ್ಡಿನ ಮೇಲೆ ಬರೆದು ಸುಮ್ಮನಾಗಬಹುದು. ನಮ್ಮಲ್ಲಿ ಕೊಠಡಿಯೇ ಹೋಗುತ್ತದೆ. ಭೂಗರ್ಭಶಾಸ್ತ್ರದ ಕ್ಲಾಸು ಈಗ ಬಟ್ಟೆ ಕಪಾಟಿನಷ್ಟಿದೆ. ಸಂಸ್ಕೃತ ವಿಭಾಗದ ಒಂದು ಬೆಂಚಿನ ತುದಿ ಮಾತ್ರ ಗೋಡೆಯಿಂದ ಆಚೆ ಚಾಚಿಕೊಂಡಿದೆ, ಹುಡುಗರು ಅದರ ಮೇಲೆ ಟಿಫಿನ್ ಡಬ್ಬಿ ಇಡುತ್ತಾರೆ. ಪ್ರಿನ್ಸಿಪಾಲ್ ರೇವಣ್ಣನವರು ರಾಜಧಾನಿಗೆ ಓಡಾಡಿ ಓಡಾಡಿ ಚಪ್ಪಲಿ ಸವೆಸಿಕೊಂಡಿದ್ದರು. ಅಂಥದ್ದರಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ಹೊರದೇಶದ ವಿಶ್ವವಿದ್ಯಾಲಯಗಳ ಜೊತೆ ನಮ್ಮ ಕಾಲೇಜುಗಳ ಒಪ್ಪಂದ; ನಮ್ಮವರೊಬ್ಬರು ಅಲ್ಲಿಗೆ ಹೋಗಿ ಕೆಲಸ ಮಾಡುವುದು, ಅವರಲ್ಲೊಬ್ಬರು ಇಲ್ಲಿಗೆ ಬಂದು ಪಾಠ ಹೇಳುವುದು; ಖರ್ಚಿಗೆ ಅನುದಾನ. ಅದನ್ನು ಓದಿ ರೇವಣ್ಣನವರ ಕಣ್ಣಲ್ಲಿ ನೀರು ಬಂದುಬಿಟ್ಟಿತಂತೆ. "ನೋಡ್ರೀ, ಒಬ್ಬರು ಹೋಗೋದು, ಒಬ್ಬರು ಬರೋದು! ಇಷ್ಟು ವರ್ಷಕ್ಕೆ ಸರ್ಕಾರಕ್ಕೆ ನಮ್ಮೂರು ಅರ್ಥ ಆಯ್ತು!" ಅಂತ ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಆಯ್ಕೆಯಾದವಳು ವನಮಾಲಾ. ಜೋಳದ ತೆನೆಗೆ ಕಾಡಿಗೆ ರೋಗ ಅಂತ ಬರುತ್ತದೆ. ಕಾಳು ಇರಬೇಕಾದ ಕಡೆ ಕಪ್ಪು ಪುಡಿ ತುಂಬಿಕೊಳ್ಳುತ್ತದೆ. ಅದು ತಾಗದ ಒಂದು ತಳಿ ಮಾಡಬೇಕು ಅಂತ ಅವಳು ಹಿತ್ತಿಲಿನ ಕುಂಡಗಳಲ್ಲಿ ಬಿತ್ತಿ ಬಿತ್ತಿ ಸಾಕಾಗಿದ್ದಳು. ಆ ದೇಶದ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಬೇಕಾದ ಗಾಜಿನ ಮನೆ, ಯಂತ್ರ ಎಲ್ಲ ಇತ್ತು. ಚೆಲುವಾಜಮ್ಮ ಕೇಳಿದ್ದೇ ತಡ ಕೆಂಡವಾದರು. "ಹೋಗ್ಲಿ ಬಿಡು. ಜಾಗ ಮುಚ್ಕೊಂಡ್ರೆ ಮುಚ್ಕೊಳ್ಳಿ, ನನಗೇನಾಗ್ಬೇಕು. ನಾನಂತೂ ಮದುವೆಯಾಗಿ ಬಂದ ಮೇಲೆ ಈ ಊರಿನ ಹೊಳೆ ದಾಟಿದೋಳಲ್ಲ" ಅಂದರು. ವನಮಾಲಾ ಅದಕ್ಕೂ ಉತ್ತರ ಕೊಡಲಿಲ್ಲ. ಹೊರಡುವ ದಿನ ಕಾಲಿಗೆ ನಮಸ್ಕಾರ ಮಾಡಿದಳು. ಚೆಲುವಾಜಮ್ಮ ಮುಖ ಆ ಕಡೆ ತಿರುಗಿಸಿಕೊಂಡೇ ಅವಳ ಕೈಗೆ ಚಟ್ನಿಪುಡಿಯ ಡಬ್ಬಿ ತುರುಕಿದರು.

ಅದೇ ವಾರ ಆ ಕಡೆಯಿಂದ ಬಂದವರು ಪ್ರೊಫೆಸರ್ ಎಮಿಲ್. ವಯಸ್ಸಾದ ಮನುಷ್ಯ, ಬಾಗಿಲಿಗಿಂತ ಎತ್ತರ, ಹೆಂಡತಿ ತೀರಿಕೊಂಡಿದ್ದರು. ಬರುವ ಮುಂಚೆಯೇ ಪುಸ್ತಕ ಓದಿ ಕನ್ನಡ ಕಲಿತಿದ್ದರು. ರೇವಣ್ಣನವರು ಅವರಿಗೆ ಕಾಲೇಜಿನ ಅತಿಥಿಗೃಹ ಸುಣ್ಣ ಬಳಿಸಿ ಇಟ್ಟಿದ್ದರು. ಆದರೆ ಶ್ರೀಕಂಠ ಬಸ್‌ಸ್ಟ್ಯಾಂಡಿಗೆ ಶಾಮಿಯಾನದ ವ್ಯಾನು ತಂದು ನಿಲ್ಲಿಸಿದ್ದ. "ಸಾರ್, ನಮ್ಮ ಮನೆಯವಳ ಬದಲಿ ಅಲ್ವಾ ಇವರು? ಅತಿಥಿಗೃಹದಲ್ಲಿ ಕೂರಿಸಿದ್ರೆ ಅವಳ ಜಾಗದ ಗತಿಯೇನು?" ಅಂದ. ರೇವಣ್ಣನವರು ತಲೆ ಕೆರೆದುಕೊಂಡರು. ವಿನಿಮಯ ಅಂದ ಮೇಲೆ ವಿನಿಮಯವೇ ತಾನೆ? ಸುತ್ತ ನಿಂತಿದ್ದವರೂ ಹೌದು ಹೌದು ಅಂದರು. ಪ್ರೊಫೆಸರರ ಪೆಟ್ಟಿಗೆಗಳು ವ್ಯಾನಿನ ಬಾಡಿಗೆ ಕುರ್ಚಿಗಳ ನಡುವೆ ಕೂತು ನಮ್ಮ ಬೀದಿಗೆ ಬಂದವು.

ಬಾಗಿಲಲ್ಲಿ ಚೆಲುವಾಜಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಜಾಗ ಮುಚ್ಕೊಂಡ್ರೆ ಮುಚ್ಕೊಳ್ಳಿ ಅಂದಿದ್ದರೂ ಪದ್ಧತಿ ಬಿಡುವವರಲ್ಲ. ಹೊಸ್ತಿಲ ಮೇಲೆ ಸೇರಿನ ತುಂಬ ಅಕ್ಕಿ.

"ಬಲಗಾಲಲ್ಲಿ ಒದ್ದು ಒಳಗೆ ಬಾಪ್ಪಾ."

ಎಮಿಲ್ ಬೆಚ್ಚಿಬಿದ್ದರು. "ಅಮ್ಮನವರೇ, ಧಾನ್ಯವನ್ನು ಕಾಲಿನಿಂದ ಒದೆಯುವುದು ತಪ್ಪಲ್ಲವೇ?"

"ಸೊಸೆ ಮನೆ ತುಂಬೋದು ಹಂಗೇ ಕಣಪ್ಪಾ."

ಆ ಮನುಷ್ಯ ಒಂದು ಗಳಿಗೆ ಯೋಚಿಸಿ, ಬೂಟು ಬಿಚ್ಚಿ, ಮಂಡಿಯೂರಿ ಕೂತು, ಸೇರನ್ನು ಕೈಯಲ್ಲೇ ಮೆಲ್ಲಗೆ ಒರಗಿಸಿ, ಚೆಲ್ಲಿದ ಅಕ್ಕಿಯನ್ನು ತುಳಿಯದೆ ದಾಟಿ ಒಳಗೆ ಹೋದರು. ತಲೆ ಬಾಗಿಲಿಗೆ ಬಡಿಯಿತು. "ಪರವಾಗಿಲ್ವೇ ಗಿರಿಜ, ನಮ್ಮೋಳಿಗಿಂತ ನಯ" ಅಂತ ಚೆಲುವಾಜಮ್ಮ ನನ್ನ ಕಿವಿಯಲ್ಲಿ ಹೇಳಿದರು. ಬೀದಿಯವರೆಲ್ಲ ನಕ್ಕು ಮನೆಗೆ ಹೋದೆವು.

ಮೊದಮೊದಲು ಕಷ್ಟವಾಯಿತು. ಎಮಿಲ್ ಬೆಳಗ್ಗೆ ಎದ್ದು ಕಾಫಿ ಮಾಡುವರು, ರೊಟ್ಟಿ ತಟ್ಟುವರು, ಅದು ಯಾವ ಆಕಾರಕ್ಕೆ ಬಂದರೂ ಶ್ರೀಕಂಠ ಚಕಾರ ಎತ್ತದೆ ತಿನ್ನುವನು. ಕಾಲೇಜಿಗೆ ಹೋಗಿ ಪಾಠ ಹೇಳಿ ಸಾಯಂಕಾಲ ಬರುವರು. ಎಲ್ಲ ಸರಿಯೇ. ಆದರೂ ವನಮಾಲಾಳ ಮೂಲೆಯಲ್ಲಿ ಗೋಡೆ ಸರಿಯುತ್ತಲೇ ಇತ್ತು, ಅಕ್ಕಿ ಮೂಟೆ ಎಳೆದ ಹಾಗೆ ಸದ್ದು. ಎಮಿಲ್ ಕಾಲು ಮಡಚಿಕೊಂಡು ಮಲಗುವಂತಾಯಿತು. ಶ್ರೀಕಂಠ ಗಾಬರಿಯಾಗಿ ನನ್ನನ್ನು ಕರೆದ. ನಾನು ನೋಡಿದೆ, ಚೆಲುವಾಜಮ್ಮ ತೂಗುಮಣೆಯ ಮೇಲೆ ಕೂತು ಪ್ರೊಫೆಸರರಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು!

"ಅಮ್ಮಾ, ಇದೇನು ನಡೀತಿರೋದು? ಬಯ್ಯಲ್ವಾ ನೀವು ಇವರಿಗೆ?"

"ಪಾಪ ಕಣೇ, ಅಷ್ಟು ದೂರದಿಂದ ಬಂದಿದಾರೆ. ಬಾಯೇ ಬರಲ್ಲ."

"ಚೆನ್ನಾಗಿದೆ! ನಿಮ್ಮ ಸೊಸೆಗೆ ದಿನಾ ಬಯ್ತಿದ್ರಲ್ಲ, ಆ ಬೈಗುಳ ಇಲ್ದೆ ಅವಳ ಜಾಗ ಅಂತ ಗೋಡೆಗೆ ಹೇಗೆ ಗೊತ್ತಾಗ್ಬೇಕು?"

ಚೆಲುವಾಜಮ್ಮ ಬಾಳೆಹಣ್ಣನ್ನು ಪಕ್ಕಕ್ಕಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಸಾರಿಗೆ ಯಾರು ಇಷ್ಟು ಉಪ್ಪು ಸುರಿದಿದ್ದು? ಕೈಯೋ ಸಲಿಕೆಯೋ?" ಅಂದರು. ಎಮಿಲ್ ಎದ್ದು ನಿಂತು, "ನಾನು ಕ್ಷಮೆ ಯಾಚಿಸುತ್ತೇನೆ, ಅತ್ತೆಯವರೇ" ಅಂದರು. ಅಂದಿನಿಂದ ಗೋಡೆ ನಿಂತಿತು. ಸಾಯಂಕಾಲದ ಪ್ರಶ್ನೆಯೂ ಶುರುವಾಯಿತು, "ಪಾಠ ಮುಖ್ಯಾನೋ, ಮನೆ ಮುಖ್ಯಾನೋ?" ಎಮಿಲ್ ಪ್ರತಿ ಸಲವೂ ಅದನ್ನು ಹೊಸ ಪ್ರಶ್ನೆಯ ಹಾಗೆ ಯೋಚಿಸಿ, "ನನಗೆ ಉತ್ತರ ತಿಳಿಯದು, ಅತ್ತೆಯವರೇ" ಅನ್ನುವರು.

ನಿಜ ಹೇಳಬೇಕೆಂದರೆ, ಆ ಮುದುಕ ಬಂದ ಮೇಲೆ ಆ ಮನೆಗೆ ಒಂದು ಕಳೆ ಬಂತು. ಚೆಲುವಾಜಮ್ಮ ಅವರಿಗೆ ಬಯ್ಯುವುದು ಮುಗಿದ ಮೇಲೆ, ವನಮಾಲಾ ಅಲ್ಲಿ ಏನು ಮಾಡುತ್ತಿರಬಹುದು ಅಂತ ವಿಚಾರಿಸುವರು. ಎಮಿಲ್ ನೆಲದ ಮೇಲೆ ಕಡಲೆಬೀಜ ಸಾಲಿಟ್ಟು, ಇದು ಗಾಜಿನ ಮನೆ, ಇದು ಬಿತ್ತಿದ ಸಾಲು, ಇಲ್ಲಿಂದ ಆ ರೋಗದ ಪುಡಿ ಊದುತ್ತಾರೆ, ತೆನೆ ಬಂದಾಗ ಬಿಳಿಯಾಗಿ ಬಂದರೆ ಗೆದ್ದ ಹಾಗೆ, ಅಂತ ವಿವರಿಸುವರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಸೊಸೆ ಏನು ಪಾಠ ಹೇಳುತ್ತಾಳೆ ಅಂತ ಚೆಲುವಾಜಮ್ಮನಿಗೆ ಗೊತ್ತಾದದ್ದು ಹೀಗೆ. "ನಮ್ಮಪ್ಪನ ಹೊಲದಲ್ಲೂ ಬರ್ತಿತ್ತು ಕಣೇ ಆ ಕಾಡಿಗೆ" ಅಂತ ನನ್ನ ಹತ್ತಿರ ಹೇಳಿದರು. "ಇವಳು ಅದಕ್ಕೆ ಔಷಧಿ ಹುಡುಕ್ತಿದಾಳೆ ಅಂತ ಒಂದು ಮಾತು ನನಗೆ ಹೇಳಬಾರ್ದಿತ್ತಾ?" ಕೇಳಿದ್ದೀರಾ ನೀವು, ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ನುಂಗಿಕೊಂಡೆ.

ಇಷ್ಟರಲ್ಲಿ ರಾಜಧಾನಿಯಲ್ಲಿ ಏನಾಯಿತೋ, ಯೋಜನೆಗೆ ಅನುದಾನ ನಿಲ್ಲಿಸಿದ್ದೇವೆ ಅಂತ ಆದೇಶ ಬಂತು. ಬಂದಿರುವ ವಿದೇಶಿ ಪ್ರಾಧ್ಯಾಪಕರನ್ನು ಕೂಡಲೇ ಕಳಿಸಿಕೊಡಬೇಕು. ನಮ್ಮ ಕಡೆಯಿಂದ ಹೋದವರ ಊಟ ವಸತಿ ಆ ವಿಶ್ವವಿದ್ಯಾಲಯದ್ದು, ಹಾಗಾಗಿ ಅವರು ಇಷ್ಟವಿದ್ದರೆ ಕೆಲಸ ಮುಗಿಸಿ ಬರಬಹುದು, ಇಲ್ಲದಿದ್ದರೆ ಈಗಲೇ ಬರಬಹುದು. ಅದನ್ನು ಅವರಿಗೆ ತಿಳಿಸುವುದು ಕಾಲೇಜು, ಮನೆಯವರ ಕೆಲಸ. ರೇವಣ್ಣನವರು ಮೊದಲ ಬಸ್ಸಿಗೇ ರಾಜಧಾನಿಗೆ ಓಡಿದರು. ಅಲ್ಲಿನ ಅಧಿಕಾರಿ ಒಳ್ಳೆಯವನೇ ಅಂತೆ, ಕೂರಿಸಿ ಟೀ ಕೊಟ್ಟನಂತೆ. "ಒಬ್ಬರು ಎದ್ದು ಹೋದ್ರೆ ಗೋಡೆ ಬರುತ್ತೆ ಅಂತೀರಿ, ನಾನು ನಂಬ್ತೀನಿ ಸಾರ್. ಆದ್ರೆ ಅದನ್ನ ಯಾವ ಬಾಬ್ತಿಗೆ ಹಾಕ್ಲಿ ಹೇಳಿ?" ಅಂದನಂತೆ. ಎಮಿಲ್ ಸಂಬಳವಿಲ್ಲದೆ ಇರುತ್ತೇನೆ ಅಂದರು. ಅವರ ವೀಸಾ ಇದ್ದದ್ದೇ ಆ ಯೋಜನೆಯ ಮೇಲೆ. ಯೋಜನೆ ಹೋದ ಮೇಲೆ ಅದೂ ಹೋಯಿತು.

ಬೇರೆ ಬದಲಿ ಹುಡುಕೋಣ ಅಂದರೆ, ನಡುವೆ ಹೊರಗಿನ ಇನ್ನೊಂದು ಹೊಸ ಮುಖ ಬಂದರೆ ಗೋಡೆ ಒಪ್ಪುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎಮಿಲ್ ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಹಜಾರದಲ್ಲಿ ಸೇರಿದ್ದೆವು. ಶ್ರೀಕಂಠ ಫೋನು ಕೈಯಲ್ಲಿ ಹಿಡಿದಿದ್ದ. "ಇವತ್ತೇ ಹೊರಟು ಬಾ ಅಂತ ಹೇಳ್ಬಿಡ್ತೀನಮ್ಮ. ಜಾಗ ಹೋದ್ರೆ ಆಮೇಲೆ ಅಳೋದು ಯಾರು?"

"ತಾಳು" ಅಂದರು ಚೆಲುವಾಜಮ್ಮ. ಎಮಿಲ್ ಕಡೆ ತಿರುಗಿ ಕೇಳಿದರು, "ಅಲ್ಲಿ ಪೈರು ಎಲ್ಲಿಗೆ ಬಂದಿದೆ?"

"ತೆನೆ ಹೊರಡುವ ಸಮಯ, ಅತ್ತೆಯವರೇ. ಈಗ ಅವರು ಬಿಟ್ಟು ಬಂದರೆ ಮಾಡಿದ್ದೆಲ್ಲ ವ್ಯರ್ಥ. ಗಾಜಿನ ಮನೆಯನ್ನು ಬೇರೆಯವರಿಗೆ ಕೊಡುತ್ತಾರೆ."

ತೂಗುಮಣೆ ಸರಪಳಿ ಕಿರ್ರ್ ಅಂದಿತು. ಚೆಲುವಾಜಮ್ಮ ಕಾಲು ನೆಲಕ್ಕೆ ಊರಿ ಅದನ್ನು ನಿಲ್ಲಿಸಿದರು.

"ತೆನೆ ಬರೋ ಹೊತ್ತಲ್ಲಿ ಹೊಲ ಬಿಟ್ಟು ಬರೋರುಂಟಾ? ಏನೂ ಹೇಳ್ಬೇಡ ಅವಳಿಗೆ. ಪ್ರೊಫೆಸರು ಹೋದ್ರು ಅನ್ನೋದನ್ನೂ ಹೇಳ್ಬೇಡ. ನಾನು ಕೂರ್ತೀನಿ ಅವಳ ಜಾಗಕ್ಕೆ."

ನಾನು ಅವರೆದುರು ಹೋಗಿ ನಿಂತೆ. "ಅಮ್ಮಾ, ತಲೆ ಕೆಟ್ಟಿದೆಯಾ? ಗಾಣದವರ ಮನೆಯಲ್ಲಿ ಏನಾಯ್ತು ಮರೆತ್ರಾ? ನಿಮ್ಮ ಜಾಗವೂ ಹೋಗುತ್ತೆ, ಅವಳದ್ದೂ ಹೋಗುತ್ತೆ. ಈ ವಯಸ್ಸಲ್ಲಿ ಜಗಲಿ ಮೇಲೆ ಮಲಗ್ತೀರಾ?"

"ಮಲಗ್ತೀನಿ, ನಿಂಗೇನು? ನಿನ್ನ ಜಗಲಿ ಅಲ್ವಲ್ಲ." ಗದರಿಸಿದರು. ಆಮೇಲೆ ಸ್ವಲ್ಪ ಮೆತ್ತಗಾಗಿ, ನನ್ನನ್ನು ಬಿಟ್ಟು ಬೇರೆಲ್ಲೋ ನೋಡುತ್ತ ಹೇಳಿದರು. "ನಮ್ಮಮ್ಮ ಹಾಸಿಗೆ ಹಿಡಿದಾಗ ಹೊಳೆ ಆಚೆಯಿಂದ ಹೇಳಿ ಕಳಿಸಿದ್ರು. ನಮ್ಮತ್ತೆ ನನಗೆ ಬದಲಿ ಕೂರಿಸ್ಲಿಲ್ಲ. ಹೋದ್ರೆ ಹೋಗು, ಬರೋವಾಗ ಜಾಗ ಇರಲ್ಲ ಅಂದ್ರು. ಶ್ರೀಕಂಠ ಎದೆಹಾಲು ಕುಡೀತಿದ್ದ. ನಾನು ಹೋಗ್ಲಿಲ್ಲ. ಆಯ್ತು, ಮುಗೀತು. ಇವಳಿಗೂ ಅದೇ ಮಾಡ್ಲಾ ನಾನು?"

ಶ್ರೀಕಂಠನಿಗೆ ಆಗಲೂ ಅಂಗಡಿ ನೆನಪಾಗಿರಬೇಕು, ಬಾಗಿಲತನಕ ಹೋದ. ಆದರೆ ಹೋಗದೆ ತಿರುಗಿ ಬಂದು ಕೂತ. ಎಮಿಲ್ ಹೊರಡುವಾಗ ಚೆಲುವಾಜಮ್ಮನ ಕಾಲಿಗೆ ಬಗ್ಗಿದರು. ಅಷ್ಟು ಉದ್ದದ ಮನುಷ್ಯ ಬಗ್ಗಿದ್ದನ್ನು ನೋಡಿ ನನಗೆ ಅಳು ಬಂತು, ನಾಚಿಕೆ ಏನು ಅದರಲ್ಲಿ. "ಒಗ್ಗರಣೆ ಸೀದುಹೋಗದ ಹಾಗೆ ನೋಡ್ಕೊ" ಅಂತ ಚೆಲುವಾಜಮ್ಮ ಅವರಿಗೂ ಒಂದು ಚಟ್ನಿಪುಡಿಯ ಡಬ್ಬಿ ಕೊಟ್ಟರು.

ಕಾಲೇಜಿನ ಗೋಡೆ ಮನೆಯ ಗೋಡೆಯಷ್ಟು ಹಟಮಾರಿಯಲ್ಲ, ಯಾರಾದರೂ ನಿಂತು ಪಾಠ ಹೇಳುತ್ತಿದ್ದರೆ ಸಾಕು. ವನಮಾಲಾಳ ಕೊನೆ ವರ್ಷದ ಹುಡುಗಿಯರು ಸರದಿಯ ಮೇಲೆ ಮೇಜಿನ ಹಿಂದೆ ನಿಂತು ಪಾಠ ನಡೆಸಿಕೊಂಡರು. ನನಗಿದ್ದ ಚಿಂತೆಯೆಲ್ಲ ಪಕ್ಕದ ಮನೆಯದು. ಎಮಿಲ್ ಹೋದ ಮರುದಿನ ಬೆಳಗ್ಗೆ ಯಂತ್ರ ತುಳಿಯುವುದು ಬಿಟ್ಟು ಕಿವಿ ಗೋಡೆಗೆ ಹಚ್ಚಿ ಕೂತೆ. ಸರಿಯುವ ಸದ್ದು ಎರಡು ಕಡೆಯಿಂದಲೂ ಬರುತ್ತಿತ್ತು, ಮೇಜಿನ ಮೂಲೆಯಿಂದಲೂ ತೂಗುಮಣೆಯ ಮೂಲೆಯಿಂದಲೂ. ಚೆಲುವಾಜಮ್ಮ ಒಲೆಯ ಮುಂದೆ ಇದ್ದರು, ಬಯ್ಯುವವರು ಯಾರೂ ಇರಲಿಲ್ಲ. ಬೈಗುಳವಿಲ್ಲದೆ ಸೊಸೆಯ ಜಾಗ ಉಳಿಯದು. ಬಯ್ಯದೆ ಅತ್ತೆಯ ಜಾಗ ಉಳಿಯದು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಆಗ ಕೇಳಿಸಿತು. "ಕಾಫಿ ಅಂದ್ರೆ ಇದೇನಾ? ಕಲಗಚ್ಚು ಇದಕ್ಕಿಂತ ಮೇಲು!" ತೂಗುಮಣೆಯ ಕಡೆಯಿಂದ ಚೆಲುವಾಜಮ್ಮನ ಧ್ವನಿ. ಆಮೇಲೆ ದಡಬಡ ಹೆಜ್ಜೆ, ಅಡುಗೆಮನೆಯ ತನಕ. ಅಲ್ಲಿಂದ ಅದೇ ಧ್ವನಿ, ಸಣ್ಣಗೆ. "ಇನ್ನೊಂದ್ಸಲ ಮಾಡ್ಕೊಡ್ತೀನಿ, ಅತ್ತೆ." ಮತ್ತೆ ಹೆಜ್ಜೆ ಹಜಾರಕ್ಕೆ. "ಹಾಲು ಯಾರಪ್ಪನ ಮನೆಯಿಂದ ಬರುತ್ತೆ?" ಮತ್ತೆ ಹೆಜ್ಜೆ ಒಳಗೆ. "ತಪ್ಪಾಯ್ತು, ಅತ್ತೆ." ನನಗೆ ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತಲೇ ಗಮನಿಸಿದೆ, ಗೋಡೆಯ ಸದ್ದು ತಡವರಿಸಿತು. ನಿಂತಿರಲಿಲ್ಲ. ಆದರೆ ಯಾವ ಕಡೆ ಹೋಗಲಿ ಅಂತ ತಿಳಿಯದವರ ಹಾಗೆ ಆಡುತ್ತಿತ್ತು.

ಹೀಗೆ ಶುರುವಾದದ್ದು ದಿನಾ ನಡೆಯಿತು. ಬೆಳಗ್ಗೆ ಎದ್ದು ಸೊಸೆಯಾಗಿ ಅಂಗಳ ಗುಡಿಸುವುದು, ಅತ್ತೆಯಾಗಿ ಬಂದು ರಂಗೋಲಿ ವಕ್ರ ಅನ್ನುವುದು. ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಸೊಸೆಯ ಪುಸ್ತಕ ತೆರೆದು ಕೂರುವುದು, ಎದ್ದು ಬಂದು ದೀಪ ದಂಡ ಅಂತ ಗೊಣಗುವುದು. ಅವರ ಮಂಡಿ ಊದಿಕೊಂಡಿತು. ಶ್ರೀಕಂಠ ತಾನೇ ಪಾತ್ರೆ ತಿಕ್ಕುವುದಕ್ಕೆ ಕೂತ. ಅತ್ತೆಯಾಗಿದ್ದಾಗ ಚೆಲುವಾಜಮ್ಮ ಅದಕ್ಕೆ ಸೊಸೆಗೆ ಬೈದರು, ಸೊಸೆಯಾಗಿದ್ದಾಗ ಗಂಡಸಿಗೆ ಕೆಲಸ ಬಂದರೆ ಒಳ್ಳೆಯದಲ್ವಾ ಅತ್ತೆ ಅಂದರು. ದಿನ ಹೋದ ಹಾಗೆ ಸೊಸೆಯ ಉತ್ತರಗಳು ಉದ್ದವಾಗುತ್ತ ಬಂದವು. ಅದು ವನಮಾಲಾಳ ಮಾತೋ, ಚೆಲುವಾಜಮ್ಮ ತಮ್ಮ ಅತ್ತೆಗೆ ಆಗ ಹೇಳಲಾಗದೆ ಉಳಿಸಿಕೊಂಡಿದ್ದ ಮಾತೋ, ನನಗೆ ಹೇಳಲು ಬರುವುದಿಲ್ಲ. ಸಾಯಂಕಾಲದ ಪ್ರಶ್ನೆಗೆ ಮಾತ್ರ ಬಹಳ ದಿನ ಅಡುಗೆಮನೆಯಿಂದ ಉತ್ತರ ಬರಲಿಲ್ಲ. "ಪಾಠ ಮುಖ್ಯಾನೋ, ಮನೆ ಮುಖ್ಯಾನೋ?" ಕೇಳಿ, ಒಳಗೆ ಹೋಗಿ, ಸುಮ್ಮನೆ ನಿಲ್ಲುವರು. ಒಂದು ದಿನ ಕೇಳಿಸಿತು, "ಎರಡೂ ಅತ್ತೆ. ಎರಡೂ ಮುಖ್ಯಾನೇ." ಹಜಾರಕ್ಕೆ ಬರುವ ಹೆಜ್ಜೆಗೆ ಆವತ್ತು ತುಂಬ ಹೊತ್ತು ಹಿಡಿಯಿತು. ಬಂದ ಮೇಲೆ, "ಹೂಂ. ಹೋಗ್ಲಿ, ಮೊದ್ಲು ಏನಾದ್ರೂ ತಿನ್ನು" ಅಂದರು.

ವನಮಾಲಾ ಬಂದದ್ದು ಜೋಳದ ಕೆಲಸ ಮುಗಿದ ಮೇಲೆಯೇ. ಎಮಿಲ್ ತಮ್ಮ ಊರಿಗೆ ಹೋದವರು ಅವಳ ಕಣ್ಣಿಗೆ ಬೀಳದೆ ಇದ್ದು ಬಾಯಿ ಬಿಟ್ಟಿರಲಿಲ್ಲ, ಅವಳನ್ನು ವಿಮಾನ ಹತ್ತಿಸುವಾಗ ಎಲ್ಲ ಹೇಳಿದರಂತೆ. ಸಾಯಂಕಾಲದ ಬಸ್ಸಿಗೆ ಇಳಿದು, ಪೆಟ್ಟಿಗೆ ಎಳೆದುಕೊಂಡು, ಮುಖದಲ್ಲಿ ರಕ್ತವಿಲ್ಲದೆ ಬೀದಿಯಲ್ಲಿ ಓಡಿಬಂದಳು. "ಗಿರಿಜಕ್ಕ, ಜಾಗ ಇದೆಯಾ? ಅತ್ತೆ ಎಲ್ಲಿ, ಜಗಲಿ ಮೇಲೆ ಇಲ್ವಲ್ಲ?" ನಾನು ಬಾಯಿ ಮೇಲೆ ಬೆರಳಿಟ್ಟು ಅವಳನ್ನು ಬಾಗಿಲ ಪಕ್ಕಕ್ಕೆ ಎಳೆದು ನಿಲ್ಲಿಸಿದೆ.

ಒಳಗಿನಿಂದ ಬಂತು. "ಇವತ್ತೂ ತಡ! ಪಾಠ ಮುಖ್ಯಾನೋ, ಮನೆ ಮುಖ್ಯಾನೋ?" ಕುಂಟುವ ಹೆಜ್ಜೆ ಅಡುಗೆಮನೆಯ ಕಡೆ ಹೊರಟಿತು.

ಅದು ಅಲ್ಲಿಗೆ ತಲುಪುವ ಮುಂಚೆ ವನಮಾಲಾ ಹೊಸ್ತಿಲ ಮೇಲಿಂದ ಹೇಳಿದಳು. "ಎರಡೂ ಅತ್ತೆ."

ಹೆಜ್ಜೆ ನಡುವೆಯೇ ನಿಂತಿತು. ಚೆಲುವಾಜಮ್ಮ ತಿರುಗಲಿಲ್ಲ. ಕಂಬ ಹಿಡಿದುಕೊಂಡು ನಿಂತರು. "ತೆನೆ ಬಂತಾ?"

"ಬಂತು. ಬೆಳ್ಳಗೆ ಬಂತು, ಅತ್ತೆ."

"ಸರಿ. ಕಾಲು ತೊಳ್ಕೊಂಡು ಬಾ."

ಅವಳ ಮೂಲೆ ಇತ್ತು. ಸ್ವಲ್ಪ ಕಿರಿದಾಗಿತ್ತು, ಮೇಜಿಗೂ ಚಾಪೆಗೂ ಸಾಕಾಗುವಷ್ಟು ಉಳಿದಿತ್ತು. ಎದುರು ಮೂಲೆಯಲ್ಲಿ ಗೋಡೆ ಎಷ್ಟು ಮುಂದೆ ಬಂದಿತ್ತೆಂದರೆ ತೂಗುಮಣೆ ಆಡುವಂತಿರಲಿಲ್ಲ. ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ವನಮಾಲಾ ಅದನ್ನೇ ನೋಡುತ್ತ, "ತೂಗುಮಣೆ ಯಾಕೆ ಬಿಚ್ಚಿದ್ರಿ ಅತ್ತೆ?" ಅಂತ ಕೇಳಿದಳು. "ಕೂರೋಕೆ ನನಗೆ ಪುರುಸೊತ್ತೆಲ್ಲಿತ್ತು?" ಅಂದರು ಚೆಲುವಾಜಮ್ಮ. ವನಮಾಲಾ ತನ್ನ ಮೇಜಿನ ಕುರ್ಚಿ ಎಳೆದು ತಂದು ಅವರನ್ನು ಅದರಲ್ಲಿ ಕೂರಿಸಿ, ನೆಲದ ಮೇಲೆ ಕೂತು, ಮಂಡಿ ಊದಿದ ಅವರ ಕಾಲನ್ನು ಮಡಿಲಿಗೆ ಇಟ್ಟುಕೊಂಡಳು. ಶ್ರೀಕಂಠ ಕಾಫಿ ಮಾಡಿ ತಂದ. ಸಕ್ಕರೆ ಹಾಕಿರಲಿಲ್ಲ, ಯಾರೂ ಹೇಳಲಿಲ್ಲ.

ಯೋಜನೆ ಮತ್ತೆ ಬರಲಿಲ್ಲ. ರೇವಣ್ಣನವರು ಈಗಲೂ ರಾಜಧಾನಿಗೆ ಹೋಗುತ್ತಾರೆ, ಅಧಿಕಾರಿ ಈಗಲೂ ಟೀ ಕೊಡುತ್ತಾನಂತೆ. ನಮ್ಮ ಬೀದಿಯಲ್ಲಿ ಮಾತ್ರ ಇನ್ನೊಂದು ವಿನಿಮಯ ನಡೆಯಿತು. ಕಾಲೇಜಿಗೆ ಬೇಸಿಗೆ ರಜ ಬಂದಾಗ ವನಮಾಲಾ ಬಸ್ಸಿನ ಟಿಕೆಟು ತಂದು ಅತ್ತೆಯ ಕೈಗಿಟ್ಟಳು. ಹೊಳೆ ಆಚೆ ಚೆಲುವಾಜಮ್ಮನ ತಂಗಿ ಇನ್ನೂ ಇದ್ದಾರೆ, ತಾಯಿಯ ಮನೆಯ ಬಾವಿಯೂ ಇದೆಯಂತೆ. "ನೀವು ಎರಡು ಜಾಗಕ್ಕೆ ಕೂತಿದ್ರಲ್ಲ, ನನಗೂ ಬರುತ್ತೆ. ಹೋಗಿ ಬನ್ನಿ" ಅಂದಳು. ಚೆಲುವಾಜಮ್ಮ ಬೇಡ ಬೇಡ ಅನ್ನುತ್ತಲೇ ಒಳ್ಳೆಯ ಸೀರೆ ಉಟ್ಟರು.

ಬಸ್ಸು ಹತ್ತಿಸಲು ನಾನು ಹೋಗಿದ್ದೆ. ಬಾಗಿಲು ಬಿಟ್ಟು ಹೊರಟಾಗಲೇ ಒಳಗಿನಿಂದ ವನಮಾಲಾ ಶುರು ಮಾಡಿದ್ದು ಕೇಳಿಸಿತ್ತು. "ಸಾರಿಗೆ ಇಷ್ಟೊಂದು ಉಪ್ಪಾ?" ಅಂತ, ತೀರ ಮೆತ್ತಗೆ, ಪಾಠ ಹೇಳುವವರ ಹಾಗೆ. ಚೆಲುವಾಜಮ್ಮ ದಾರಿಯುದ್ದಕ್ಕೂ ತಿರುಗಿ ತಿರುಗಿ ಮನೆಯ ಕಡೆ ನೋಡಿದರು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ಗಿರಿಜ, ಅವಳಿಗೆ ಹೇಳೇ. ಬೈಕೊಳ್ಳೋವಾಗ ಇನ್ನೂ ಸ್ವಲ್ಪ ಜೋರಾಗಿ ಬೈಕೋಬೇಕು ಅಂತ. ನನ್ನ ಜಾಗ ಅದು."